ಗುಂಡಿ ಮಗ್ಗಕ್ಕೆ ಒಂದು ಬಿಂದಿಗೆ ನೀರು

ಇನ್ನೊಬ್ಬರಿಗೆ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದಾಗ ಡ್ರೈವರುಗಳ ತಲೆ ತಿನ್ನುತ್ತಿದ್ದೆ. ಸೊಂಟ ಕೈಕೊಟ್ಟು, ಗ್ಯಾರೇಜನ್ನು ತಮ್ಮನಿಗೆ ಬಿಟ್ಟು, ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಹೋಮ್‌ಸ್ಟೇ ಶುರು ಮಾಡಿದ ಮೇಲೆ ಅತಿಥಿಗಳ ತಲೆ ತಿನ್ನತೊಡಗಿದೆ.

ಅದು ಮಣ್ಣಿನ ಮಾಳಿಗೆಯ ಹಳೆಯ ಮನೆ. ದಪ್ಪ ಗೋಡೆ, ಬೇಸಿಗೆಯಲ್ಲೂ ಒಳಗೆ ತಂಪು. ಎ.ಸಿ. ಹಾಕಲಿಲ್ಲ, ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡಲಿಲ್ಲ. ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸಿದೆ. ಸ್ನಾನಕ್ಕೆ ಒಬ್ಬರಿಗೆ ಒಂದೇ ಬಕೆಟ್, ಆ ನೀರು ಹರಿದು ಹೋಗುವುದು ಹಿತ್ತಲಿನ ಪಪ್ಪಾಯಿ ಗಿಡಗಳಿಗೆ. 'ನೀರು ಪೋಲು ಮಾಡಬೇಡಿ' ಎಂದು ಬಾಗಿಲಲ್ಲೇ ನನ್ನ ಕೈಯಾರೆ ಬಣ್ಣದಲ್ಲಿ ಬರೆದಿದ್ದೆ. ಬೆಂಗಳೂರಿನಿಂದ ಬಂದವರು ಅದರ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಹಿರಿಯ ನೇಕಾರರು ಹೆಂಡತಿಯೊಂದಿಗೆ ಇದ್ದರು. ನಾನು ಮನೆ ಕೊಳ್ಳುವ ಮೊದಲಿನಿಂದಲೂ ಅವರು ಅಲ್ಲಿ ಬಾಡಿಗೆಗಿದ್ದವರು. ನೀವು ಇಲ್ಲೇ ಇರಿ, ಮಗ್ಗವೂ ಇರಲಿ, ಬಂದವರು ನೋಡಲಿ ಎಂದು ನಾನೇ ಹೇಳಿದ್ದೆ. ಅವರದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಮನೆಯಲ್ಲಿ ಅವರು ತೆಲುಗು, ನಾವು ಉರ್ದು, ನಡುವೆ ಕನ್ನಡ. ನನ್ನನ್ನು 'ಸಾಬ್ರೇ' ಎನ್ನುತ್ತಿದ್ದರು, ನಾನು ಅವರನ್ನು 'ಯಜಮಾನ್ರೇ' ಎನ್ನುತ್ತಿದ್ದೆ.

ಆ ವರ್ಷ ಅವರ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಬದುಕೆಲ್ಲ ಸಾಹುಕಾರರು ಕೊಟ್ಟ ನೂಲಿನಲ್ಲಿ ಊರವರ ಹೆಣ್ಣುಮಕ್ಕಳಿಗೆ ಧಾರೆ ಸೀರೆ ನೇಯ್ದ ಮನುಷ್ಯ, ಮೊದಲ ಸಲ ತಮ್ಮದೇ ರೇಷ್ಮೆ ತಂದು ತಮ್ಮ ಮನೆಯ ಹುಡುಗಿಗೆ ಒಂದು ಸೀರೆ ಮಗ್ಗಕ್ಕೆ ಹಾಕಿದ್ದರು. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ಅಂಚಿನ ತುಂಬ ರುದ್ರಾಕ್ಷಿ ಚಿತ್ತಾರ. "ಕಣ್ಣು ಮಂಜಾಗೈತೆ ಸಾಬ್ರೇ, ಇದೊಂದು ಮುಗಿಸಿ ಮಗ್ಗ ಇಳೀತೀನಿ" ಎಂದಿದ್ದರು.

ಬಿಸಿಲು ಏರಿದ ದಿನಗಳು. ಒಂದು ಬೆಳಿಗ್ಗೆ ಇಬ್ಬರು ಅತಿಥಿಗಳನ್ನು ಉಳ್ಳಾರ್ತಿ ಕಾವಲ್ ಕಡೆಯ ಹುಲ್ಲುಗಾವಲಿಗೆ ಕರೆದೊಯ್ಯಲು ಹೊರಟಿದ್ದೆ. ಮುಂದಿನ ಕೋಣೆಯಲ್ಲಿ ಯಜಮಾನರು ಮಗ್ಗದ ಗುಂಡಿಗೆ ಬಿಂದಿಗೆ ಬಗ್ಗಿಸಿ ನೀರು ಸುರಿಯುತ್ತಿದ್ದರು. ಅತಿಥಿಗಳಲ್ಲಿ ಒಬ್ಬಾಕೆ ಬಾಗಿಲಲ್ಲಿದ್ದ ನನ್ನ ಬರಹ ನೋಡಿದಳು, ಬಿಂದಿಗೆ ನೋಡಿದಳು, ನಕ್ಕಳು. "ಇದು ಪೋಲಲ್ವಾ?"

ನನಗೆ ಮೈಯೆಲ್ಲ ಉರಿಯಿತು. "ಏನ್ರೀ ಯಜಮಾನ್ರೇ, ನೆಲಕ್ಕೆ ಕುಡಿಸೋಕಾ ನೀರು ಹಿಡಿದಿಟ್ಟಿರೋದು? ದಿನಾ ಹಿಂಗೇನಾ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವರು ಬಿಂದಿಗೆ ಕೆಳಗಿಟ್ಟರು. ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. "ಪೋನೀಲೇ" ಎಂದರು ಯಜಮಾನರು. ಹೋಗಲಿ ಬಿಡು ಎಂದು. ಆಮೇಲೆ ನನ್ನ ಕಡೆ ತಿರುಗಿ, "ಆಗ್ಲಿ ಸಾಬ್ರೇ, ಇನ್ಮೇಲೆ ಹಾಕಲ್ಲ" ಎಂದರು. ಅತಿಥಿಗಳು ನನ್ನನ್ನು ಮೆಚ್ಚಿಕೊಂಡರು. ಕಾವಲಿನವರೆಗೂ ದಾರಿಯುದ್ದಕ್ಕೂ ನಾನು ನೀರಿನ ಬಗ್ಗೆ ಮಾತಾಡಿದೆ.

ಅದಾದ ಮೇಲೆ ಮಗ್ಗದ ಸದ್ದು ಬದಲಾಯಿತು. ಒಂದೇ ಸಮನೆ ಕೇಳುತ್ತಿದ್ದದ್ದು ನಿಲ್ಲುವುದು, ಮತ್ತೆ ಶುರುವಾಗುವುದು, ಮತ್ತೆ ನಿಲ್ಲುವುದು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಕಿವಿ ನನ್ನದು. ವಯಸ್ಸಾಯಿತು ಪಾಪ, ಕಣ್ಣು ಕಾಣುತ್ತಿಲ್ಲ ಅಂದುಕೊಂಡು ಸುಮ್ಮನಾದೆ. ಎದ್ದು ಹೋಗಿ ನೋಡಲಿಲ್ಲ. ಕೆಲವು ವಾರಗಳಲ್ಲಿ ಸದ್ದು ಪೂರ್ತಿ ನಿಂತಿತು. ಮದುವೆ ಕೆಲಸಕ್ಕೆಂದು ಇಬ್ಬರೂ ಕೊಂಡ್ಲಹಳ್ಳಿಯ ಮಗಳ ಮನೆಗೆ ಹೋದರು. ಸೀರೆ ಮುಗಿಯಿತೇನೋ ಎಂದು ನಾನು ಖುಷಿಪಟ್ಟೆ.

ಮದುವೆಗೆ ನಾನೂ ನಮ್ಮ ಮನೆಯವಳೂ ಹೋದೆವು. ಹುಡುಗಿ ಉಟ್ಟಿದ್ದು ನೀಲಿ ಸೀರೆ. ಅರಿಶಿನದ್ದು ಎಲ್ಲಿ ಎಂದು ನಮ್ಮ ಮನೆಯವಳು ಯಜಮಾನರ ಹೆಂಡತಿಯನ್ನು ಕೇಳಿದಳು. ಅವರು ಮೊದಲು ಮಾತು ಮರೆಸಿದರು, ಆಮೇಲೆ ಅತ್ತುಬಿಟ್ಟರು. ಅರ್ಧಕ್ಕೇ ಕತ್ತರಿಸಿ ತೆಗೆದದ್ದಂತೆ. ಎಳೆ ಹರಿದು ಹರಿದು ಬರೀ ಗಂಟು. ಹುಡುಗಿ ಉಟ್ಟದ್ದು ಚಳ್ಳಕೆರೆ ಅಂಗಡಿಯ ಪವರ್‌ಲೂಮ್ ಸೀರೆ.

ಯಜಮಾನರು ಊಟದ ಪಂತಿಯ ಹತ್ತಿರ ನಿಂತು ಎಲ್ಲರನ್ನೂ ಉಪಚರಿಸುತ್ತಿದ್ದರು. ಹೋಗಿ ಏನಾಯಿತು ಎಂದು ಕೇಳಿದೆ.

"ಗುಂಡಿ ಒಣಗಿತ್ತು ಸಾಬ್ರೇ. ಕೆಳಗಿಂದ ತೇವ ಏರ್ಬೇಕು. ಇಲ್ದಿದ್ರೆ ರೇಷ್ಮೆ ಎಳೆ ಪಟಪಟ ಹರೀತೈತೆ. ಅದ್ಕೇ ಬೇಸ್ಗೇಲಿ ಬೆಳಿಗ್ಗೆ ಒಂದು ಬಿಂದ್ಗೆ ಹಾಕೋದು."

ಗ್ರೀಸ್ ಇಲ್ಲದ ಬೇರಿಂಗು ಎಷ್ಟು ದೂರ ಓಡುತ್ತದೆ ಎಂದು ಊರಿಗೆಲ್ಲ ಹೇಳಿಕೊಟ್ಟವನು ನಾನು. ಒಂದು ಬಿಂದಿಗೆ ನೀರು. ನನ್ನ ಒಬ್ಬ ಅತಿಥಿಯ ಸ್ನಾನಕ್ಕಿಂತ ಕಡಿಮೆ.

"ಒಂದು ಮಾತು ಹೇಳ್ಬಾರ್ದಾಗಿತ್ತಾ ಯಜಮಾನ್ರೇ? ಮಾರನೇ ದಿನ ಆದ್ರೂ?"

"ಮಾರನೇ ದಿನನೂ ನಿಮ್ಮ ಅತಿಥಿಗಳು ಇದ್ರಲ್ಲ. ಅವ್ರು ಹೋದ್ಮೇಲೆ ಬೇರೆಯವ್ರು ಬಂದ್ರು. ನಿಮ್ಮ ಮನೇಗೆ ಬಂದೋರ ಮುಂದೆ ನಿಮ್ಮ ಮಾತು ತಪ್ಪು ಅಂತ ನಾನು ಹೆಂಗನ್ಲಿ?" ಎಂದರು. ನನ್ನ ತೋಳು ಹಿಡಿದು, "ಬರ್ರಿ, ಊಟ ಮಾಡ್ರಿ, ನೀವು ಇವತ್ತು ನಮ್ಮ ಅತಿಥಿ" ಎಂದು ಎಲೆಯ ಮುಂದೆ ಕೂರಿಸಿ, ನನ್ನ ಲೋಟಕ್ಕೆ ತಾವೇ ನೀರು ಬಗ್ಗಿಸಿದರು.