ಅಜ್ಜನ ಗೇರುಗುಡ್ಡೆ ಮತ್ತು ಬ್ರೆಜಿಲ್

ಕುಂಬ್ರದಲ್ಲಿ ಸುಳ್ಯದ ಬಸ್ಸಿಗೆ ಹತ್ತಿದ ಹೆಂಗಸೊಬ್ಬರ ಬುಟ್ಟಿಯಲ್ಲಿ ಗೇರುಹಣ್ಣಿತ್ತು. ಮೇಲೆ ಬಟ್ಟೆ ಮುಚ್ಚಿದ್ದರು. ಆದರೆ ಗೇರುಹಣ್ಣಿನ ವಾಸನೆಯನ್ನು ಮುಚ್ಚುವ ಬಟ್ಟೆಯನ್ನು ಈ ಲೋಕದಲ್ಲಿ ಇನ್ನೂ ಯಾರೂ ನೇಯ್ದಿಲ್ಲ. ಅರ್ಧ ಬಸ್ಸು ಮೂಗು ಹಿಡಿಯಿತು. ನಾನು ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತೆ. ನೀವು ನಗಬಹುದು, ನಗಿ. ನನಗೆ ಆ ವಾಸನೆ ಎಂದರೆ ಬ್ರೆಜಿಲ್. ಆ ದೇಶವನ್ನು ನಾನು ಕಂಡವಳಲ್ಲ, ಕಾಣುವ ಅಂದಾಜೂ ಇಲ್ಲ. ಆದರೆ ಅದಕ್ಕಾಗಿ ಒಮ್ಮೆ ಮನೆಯಲ್ಲಿ ಯುದ್ಧ ಮಾಡಿದ್ದೇನೆ, ಅದೂ ಅಜ್ಜನ ಮೇಲೆ.

ಸವಣೂರಿನ ಹತ್ತಿರದ ನಮ್ಮ ಶಾಲೆಗೆ ಅಜ್ಜನೇ ಸಂಚಾಲಕರು. ಹೆಂಚು ಒಡೆದರೆ ಹಾಕಿಸುವವರೂ ಅವರೇ, ಗೌರವ ಶಿಕ್ಷಕರನ್ನು ತೆಗೆದುಕೊಳ್ಳುವವರೂ ಬಿಡುವವರೂ ಅವರೇ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಮಾಜ ಕಲಿಸಲಿಕ್ಕೆ ಕಡಬದಿಂದ ವಸಂತಿ ಟೀಚರ್ ಬರುತ್ತಿದ್ದರು. ಈ ಕೆಲಸ ತಪ್ಪಿದರೆ ಮನೆಯವರು ಅವರಿಗೆ ಮದುವೆ ಮಾಡಿ ಕಳಿಸುತ್ತಾರೆ, ಬಿ.ಎಡ್. ಓದುವ ಆಸೆ ಅಲ್ಲಿಗೆ ಮುಗಿಯಿತು ಎಂಬುದು ನಮಗೆಲ್ಲ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ಏಳನೇ ಕ್ಲಾಸಿನ ಹುಡುಗಿಯರಿಗೆ ಗೊತ್ತಿಲ್ಲದ್ದು ಯಾವುದುಂಟು!

ಬ್ರೆಜಿಲ್ ಪಾಠದ ದಿನ ಅಜ್ಜ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಟೀಚರ್ ಹೆದರಲಿಲ್ಲ. ಬೋರ್ಡಿನ ತುಂಬ ನಕ್ಷೆ ಬರೆದರು, ಮೇಲೆ ಅಗಲ, ಕೆಳಗೆ ಕಿರಿದು. ಭಾರತದಂಥ ಎರಡು ದೇಶ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ ಎಂದರು. ಮೇಲ್ಗಡೆ ಅಮೆಜಾನ್ ಎಳೆದು, “ಇದರ ಪಕ್ಕದಲ್ಲಿ ನಮ್ಮ ಕುಮಾರಧಾರೆ ಕಣ್ಣಿಗೇ ಕಾಣುದಿಲ್ಲ” ಎಂದಾಗ ನಮಗೆ ಸ್ವಲ್ಪ ಅವಮಾನವೇ ಆಯಿತು.

ಆಮೇಲೆ ಅಟ್ಲಾಂಟಿಕ್ ಸಮುದ್ರದ ನಡುವೆ ಬಳಪದಿಂದ ಒಂದು ಉದ್ದ ಗೆರೆ. “ಸ್ಪೇನಿನ ರಾಜ, ಪೋರ್ಚುಗಲ್ಲಿನ ರಾಜ ಹೀಗೆ ಪಾಲು ಮಾಡಿಕೊಂಡರು. ಆಚೆಯದ್ದು ಒಬ್ಬನಿಗೆ, ಈಚೆಯದ್ದು ಇನ್ನೊಬ್ಬನಿಗೆ.”

“ಜಾಗ ನೋಡದೆಯಾ ಟೀಚರ್?”

“ನೋಡದೆ!”

“ಅಲ್ಲಿ ಜನ ಇರ್ಲಿಲ್ವಾ?”

“ಇದ್ದರು. ಅವರನ್ನು ಯಾರೂ ಕೇಳ್ಲಿಲ್ಲ.”

ಒಂದು ಸೆಂಟ್ಸ್ ಜಾಗಕ್ಕೆ ವರ್ಷಗಟ್ಟಲೆ ಪುತ್ತೂರು ಕೋರ್ಟಿಗೆ ಅಲೆಯುವ ಊರಿನ ಮಕ್ಕಳು ನಾವು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಕಬ್ಬಿನ ತೋಟಕ್ಕೆ ದೂಡಿದ್ದನ್ನು ಹೇಳುವಾಗ ಟೀಚರ ಸ್ವರ ಇಳಿಯಿತು. ಮತ್ತೆ ಏರಿತು. ಬ್ರೆಜಿಲಿನ ಕಡಲ ಕರೆಗೆ ಹೋಗಿ ಮುಟ್ಟಿದ ಆ ಪೋರ್ಚುಗೀಸ್ ಹಡಗುಗಳು ಹೊರಟದ್ದು ಎಲ್ಲಿಗೆ ಗೊತ್ತುಂಟಾ? ನಮ್ಮ ಈ ಕರಾವಳಿಗೆ! ಕರಿಮೆಣಸಿಗೆ! ನಡುವೆ ಪಡುವಣಕ್ಕೆ ಸರಿದು ಅಲ್ಲಿ ಮುಟ್ಟಿ, ಆಮೇಲೆ ಇಲ್ಲಿಗೆ ಬಂದರು. “ಮುಂದಿನ ಹಡಗುಗಳಲ್ಲಿ ಗೇರು ಬಂತು, ಅನಾನಸು ಬಂತು, ಪಪ್ಪಾಯಿ, ಕೆಂಪು ಮೆಣಸು, ಎಲ್ಲ ಆ ಖಂಡದ್ದೇ.”

ಅಜ್ಜ ಎದ್ದು ನಿಂತರು. “ಎಂತ ಹೇಳುದು ನೀವು? ನಮ್ಮ ಗೇರುಗುಡ್ಡೆ ನನ್ನ ಅಪ್ಪ ನೆಟ್ಟದ್ದು!”

“ನೆಟ್ಟದ್ದು ಅವರೇ ಸರ್. ಬೀಜದ ಮೂಲ ಬ್ರೆಜಿಲ್.”

“ಮೆಣಸೂ ನಮ್ಮದಲ್ಲವಾ? ಹಾಗಾದ್ರೆ ನಮ್ಮ ಹಿಂದಿನವರೆಲ್ಲ ಸಪ್ಪೆ ಉಂಡು ಸತ್ತರಾ?”

ಕ್ಲಾಸು ಗೊಳ್ಳೆಂದು ನಕ್ಕಿತು. ಅಲ್ಲಿಗೆ ಕೆಟ್ಟಿತು. ನಮ್ಮ ಅಜ್ಜ ಬೈಗುಳ ತಡೆದುಕೊಳ್ಳುತ್ತಾರೆ, ನಗು ತಡೆದುಕೊಳ್ಳುವುದಿಲ್ಲ. ಸಂಜೆ ಜಗಲಿಯಲ್ಲಿ ಹೇಳಿಯೇಬಿಟ್ಟರು, “ಈ ತಿಂಗಳು ಮುಗಿದ ಮೇಲೆ ಅವರು ಬರುದು ಬೇಡ.”

ನನಗೆ ಸಿಟ್ಟು ನೆತ್ತಿಗೇರಿತು. ಅಳುವ ಜಾತಿ ನಾನಲ್ಲ, ಕೊರೆಯುವ ಜಾತಿ. ಊಟಕ್ಕೆ ಕೂತಾಗಲೆಲ್ಲ ಎಲೆಯ ಮೇಲಿದ್ದದ್ದಕ್ಕೆ ಬೆರಳಿಟ್ಟು ಕೇಳತೊಡಗಿದೆ. “ಅಜ್ಜ, ಈ ಮೆಣಸು?” ನಮ್ಮದು. “ನೆಲಕಡಲೆ?” ನಮ್ಮದು. “ಬಟಾಟೆ?” ಬಾಯಿ ಮುಚ್ಚಿ ಉಣ್ಣು. “ಬಾಯಿ ಮುಚ್ಚಿ ಹೇಗೆ ಉಣ್ಣುದು ಅಜ್ಜ?” ಅಮ್ಮ ನನ್ನ ತೊಡೆ ಚಿವುಟಿ ಚಿವುಟಿ ಸೋತಳು.

ಅದೇ ವಾರ ಪಿಜ್ಜನ ತಿಥಿ ಬಂತು. ಪಿಜ್ಜ ಎಂದರೆ ಅಜ್ಜನ ಅಪ್ಪ, ಗೇರುಗುಡ್ಡೆ ನೆಟ್ಟವರು. ಭಟ್ರ ಊಟವಾಗಿ ಮನೆಯವರ ಪಂಕ್ತಿ ಕೂತಿತ್ತು. ಸಾರು ಬಾಯಿಗಿಟ್ಟರೆ ಬೇರೆಯೇ ಖಾರ. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿಗೆ ನನ್ನ ತಲೆಯಲ್ಲಿ ಯಾವ ಹುನ್ನಾರವೂ ಇರಲಿಲ್ಲ.

“ಅಜ್ಜಿ, ಸಾರಿಗೆ ಕೆಂಪು ಮೆಣಸು ಯಾಕೆ ಹಾಕ್ಲಿಲ್ಲ?”

ಬಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು, “ತಿಥಿಗೆ ಹಾಕ್ಲಿಕ್ಕಿಲ್ಲ ಮಗಾ. ಅದು ಹೊರಗಿಂದ ಬಂದದ್ದಂತೆ. ಹಿಂದಿನವರು ಉಂಡದ್ದೆಲ್ಲ ಕರಿಮೆಣಸೇ.”

ಅಜ್ಜನ ಕೈ ಎಲೆಯ ಮೇಲೆಯೇ ನಿಂತಿತು. ಕೊನೆಗೆ ಅಜ್ಜ, “ತಿಥಿಗೆ ನುಗ್ಗೆಯೂ ಹಾಕುದಿಲ್ಲ. ಅದೂ ಬ್ರೆಜಿಲಿಂದ ಬಂದದ್ದಾ?” ಎಂದರು.

“ನನಗೆಂತ ಗೊತ್ತು?” ಅಜ್ಜಿ ಸೌಟು ಎತ್ತಿ ಮುಂದೆ ಹೋದರು. “ಗೊತ್ತಿದ್ದವರನ್ನು ನೀವೇ ಬೇಡ ಅಂದಿರಲ್ಲ.”

ಮರುದಿನ ಅಜ್ಜ ಕ್ಲಾಸಿನ ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತರು. ಟೀಚರ್ ಬಳಪ ಕೆಳಗಿಟ್ಟರು. ಈಗಲೇ ಹೋಗಿ ಎನ್ನುತ್ತಾರೆ ಎಂದೇ ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

“ಟೀಚರೇ, ಒಂದು ಕೇಳ್ಲಿಕ್ಕುಂಟು. ನುಗ್ಗೆ ಯಾವ ದೇಶದ್ದು?”

“ನಮ್ಮದೇ ಸರ್.”

“ನಮ್ಮದಾ!” ಅಜ್ಜನ ಮುಖ ನೋಡಬೇಕಿತ್ತು ನೀವು. “ಕೇಳಿದಿರಾ ಮಕ್ಕಳೇ, ನುಗ್ಗೆ ನಮ್ಮದು!” ಎಂದವರು ಸೀದಾ ಹಿಂದಿನ ಬೆಂಚಿಗೆ ಹೋಗಿ ಕೂತು, “ಹೂಂ, ಮುಂದೆ ಹೇಳಿ” ಎಂದರು. ಕೆಲಸದ ಮಾತು ಮತ್ತೆ ಬರಲೇ ಇಲ್ಲ. ಟೀಚರ್ ಅಲ್ಲಿದ್ದುಕೊಂಡೇ ಪರೀಕ್ಷೆಗೆ ತಯಾರಾಗಿ ಬಿ.ಎಡ್.ಗೆ ಹೋದರು. ಅವರು ಹೋದ ದಿನ ಅಜ್ಜ ಮಧ್ಯಾಹ್ನ ಉಣ್ಣಲಿಲ್ಲ.

ಇದೆಲ್ಲ ಉಕ್ಕಿ ಬಂದು ಬಸ್ಸಿನಿಂದಲೇ ಟೀಚರಿಗೆ ಫೋನ್ ಮಾಡಿದೆ. “ಅಯ್ಯೋ ಮಾರಾಯ್ತಿ, ನಾನೇ ಮಾಡುವ ಅಂತಿದ್ದೆ” ಎಂದರು. ಹೊಸತಾಗಿ ಏನೋ ಓದಿದ ಉಮೇದು ಸ್ವರದಲ್ಲೇ ಕುಣಿಯುತ್ತಿತ್ತು. “ಜಾಲ್ಸೂರಿನ ಗಡಿ ದಾಟಿದ್ರೆ ಹೋಟೆಲಿನಲ್ಲಿ ಕುಡಿಲಿಕ್ಕೆ ಕೆಂಪು ಬಿಸಿನೀರು ಕೊಡ್ತಾರಲ್ಲ? ಅದಕ್ಕೆ ಹಾಕುವ ಚಕ್ಕೆ ಉಂಟಲ್ಲ, ಕೆಂಪು ಬಣ್ಣ ಬಿಡುವ ಆ ಮರ ನಮ್ಮ ಕಡೆಯದ್ದು. ಆ ಮರ ಮೊದಲಿಂದಲೂ ಬಣ್ಣಕ್ಕೆ ಅಂತ ಯುರೋಪಿಗೆ ಹೋಗ್ತಿತ್ತು. ಅವರು ಅದನ್ನು ಬ್ರೆಜಿಲ್ ಅಂತಿದ್ದರು. ಆಮೇಲೆ ಆ ಹೊಸ ದೇಶದಲ್ಲಿ ಅಂಥದ್ದೇ ಮರ ಸಿಕ್ಕಿತು. ಹೆಸರು ದೇಶಕ್ಕೇ ಅಂಟಿತು!”

“ಅಂದ್ರೆ ಬ್ರೆಜಿಲಿಗೆ ಹೆಸರು ಹೋದದ್ದು ನಮ್ಮ ಕಡೆಯ ಮರದಿಂದಲಾ!” ನಾನು ಕೂಗಿದ ಹೊಡೆತಕ್ಕೆ ಕಂಡಕ್ಟರು ತಿರುಗಿ ನೋಡಿದ.

“ನಿನ್ನ ಅಜ್ಜ ಇರಬೇಕಿತ್ತು” ಎಂದರು ಟೀಚರ್.

ಇದ್ದಿದ್ದರೆ ಈ ಹೊತ್ತಿಗೆ ಅಂಗಿಗೆ ಕೈ ತೂರಿಸುತ್ತಿದ್ದರು, ಮಕ್ಕಳಿಗೆ ಹೇಳಿ ಬರಲಿಕ್ಕೆ. ಸುಳ್ಯಕ್ಕೆ ಟಿಕೆಟ್ ಮಾಡಿದ್ದೆ, ಇರಲಿ. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಪುತ್ತೂರಿಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದೆ. ಅಲ್ಲಿಂದ ಸವಣೂರಿಗೆ ಇನ್ನೊಂದು ಬಸ್ಸು. ಶಾಲೆ ಬಿಡುವ ಮೊದಲು ಮುಟ್ಟಬೇಕು.