ದೇವರ ಪ್ಲಗ್ಗು

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿ. ಕೆಟ್ಟು ನಿಂತಿದ್ದ ಮಿಷನ್‌ಗೆ ನನ್ನ ಲ್ಯಾಪ್‌ಟಾಪ್‌ನಿಂದ ಹೊಸ ಪ್ರೋಗ್ರಾಂ ಹಾಕುತ್ತಿದ್ದೆ. ಕರೆಂಟ್ ಇರಲಿಲ್ಲ. ಜನರೇಟರ್ ಲೈನ್ ಮಿಷನ್‌ಗಳಿಗೆ ಮಾತ್ರ ಅಂದಿದ್ದರು. ನನ್ನ ಹಳೇ ಬ್ಯಾಟರಿಯೋ, ನೋಡನೋಡುತ್ತಿದ್ದಂತೆ ಇಳಿಯುತ್ತಿತ್ತು. ಸ್ಕ್ರೀನ್ ಮಬ್ಬು ಮಾಡಿದೆ, ವೈಫೈ ಆಫ್ ಮಾಡಿದೆ, ಮೌಸ್ ಕಿತ್ತೆ. ಊಹೂಂ. ಪ್ರೋಗ್ರಾಂ ಅರ್ಧಕ್ಕೆ ನಿಂತರೆ ಮಿಷನ್ ಪೂರ್ತಿ ಮಲಗಿಬಿಡುತ್ತದೆ.

"ಬೇರೆ ಪ್ಲಗ್ ಯಾವ್ದೂ ಇಲ್ವಾ ಮೇಡಂ?" ಎಂದೆ.

ಮಾಲೀಕರಾದ ಸುನಂದಮ್ಮ ಗೋಡೆ ಕಡೆ ನೋಡಿದರು. ಅಲ್ಲಿ ಲಕ್ಷ್ಮಿ ಫೋಟೊ ಸುತ್ತ ಸೀರಿಯಲ್ ಸೆಟ್ ಮಿನುಗುತ್ತಿತ್ತು. ಜನರೇಟರ್ ಲೈನನ್ನು ದೇವರಿಗೂ ಎಳೆಸಿದ್ದರು!

ನಾನು ಬಾಯಿ ಬಿಡುವ ಮೊದಲೇ ಅವರು ಚಪ್ಪಲಿ ಬಿಟ್ಟು, ಕೈಮುಗಿದು, ಪ್ಲಗ್ ಕಿತ್ತರು.

"ಹಾಕ್ಕೊಳ್ಳಿ ಸಾರ್. ಅಮ್ಮನೋರು ಸ್ವಲ್ಪ ಹೊತ್ತು ಕತ್ಲಲ್ಲಿರ್ತಾರೆ. ಮಿಷನ್ ಓಡ್ದೆ ಹೋದ್ರೆ ಅವ್ರಿಗೆ ಹೂವಾದ್ರೂ ಎಲ್ಲಿಂದ ತರ್ಲಿ?"

ಮಿಷನ್ ಓಡಿತು. ನಾನೂ ಶೂ ಬಿಚ್ಚಿ ದೇವರ ಪ್ಲಗ್ ಸಿಕ್ಕಿಸಲು ಹೋದರೆ, "ಇರಿ, ಮೊದ್ಲು ನಿಮ್ದು ಫುಲ್ ಆಗ್ಲಿ. ಇನ್ನೊಂದ್ ಕಡೆ ಹೋಗ್ಬೇಕಲ್ಲ" ಎಂದು ತಡೆದರು.

ಈಗಲೂ ಆಫೀಸಿನಲ್ಲಿ ಯಾರಾದರೂ ಬ್ಯಾಟರಿ ಉಳಿಸುವ ಉಪಾಯ ಕೇಳಿದರೆ ಸ್ಕ್ರೀನು, ವೈಫೈ, ಮೌಸು ಅಂತ ಹೇಳಿಕೊಡುತ್ತೇನೆ. ನಾಲ್ಕನೆಯ ಉಪಾಯಕ್ಕೆ ಸುನಂದಮ್ಮನೇ ಬೇಕು.