ಶಿವದಾರ ಬಿಚ್ಚಿದ ಕೈ

ನೀಲಮ್ಮಕ್ಕ, ನಿಮ್ಮ ಅತ್ತೆಯ ಕೊರಳಿನ ಶಿವದಾರ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆದವಳು ನಾನು. ಅವರೇ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ ಎಂದು ಗದ್ವಾಲದ ಆಸ್ಪತ್ರೆಯಲ್ಲಿ ನಿಮಗೆ ಹೇಳಿದವಳೂ ನಾನೇ — ಅದು ಸುಳ್ಳು.

ಇದನ್ನು ಪತ್ರದ ಮೊದಲಿಗೇ ಹೇಳಿಬಿಡಬೇಕಾಯಿತು. ನನ್ನ ಸ್ವಭಾವ ನನಗೆ ಗೊತ್ತು. ಬಿಟ್ಟರೆ ಊರೆಲ್ಲ ಸುತ್ತಿ ಬಂದು, ಕೊನೆಗೆ ಬಾಗಿಲ ಹತ್ತಿರ ನಿಂತು, ಹೇಳದೆಯೇ ಹೊರಟುಬಿಡುತ್ತೇನೆ. ಹೋದ ತಿಂಗಳು ಮಾಡಿದ್ದೂ ಅದನ್ನೇ. ಮಗಳು ಪವಿತ್ರಾಳನ್ನು ನಮ್ಮ ನರ್ಸಿಂಗ್ ಶಾಲೆಗೆ ಸೇರಿಸಲು ನೀವು ಧರೂರಿನಿಂದ ಬಂದಿದ್ದಿರಿ. ವರಾಂಡದಲ್ಲಿ ನನ್ನನ್ನು ಕಂಡು ನಿಂತುಬಿಟ್ಟಿರಿ. ನಾನು ನಿಮ್ಮನ್ನು ಅದಕ್ಕೂ ಮೊದಲೇ ಗುರುತಿಸಿದ್ದೆ — ಗುರುತಿಸಿ, ಕಚೇರಿಯೊಳಗೆ ಸರಿದುಕೊಳ್ಳಲು ನೋಡುತ್ತಿದ್ದೆ.

"ನೀವ ಅಲ್ಲೇನ್ರಿ ಮೇಡಮ್ಮಾರ, ಅವಾಗ ನಮ್ಮತ್ತಿಗೆ ಮೈ ಒರಸ್ತಿದ್ದವರು?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಿರಿ. "ಪಾಪ, ಕಡೀತನಕ ಅವರಿಗೆ ಬುದ್ಧಿ ಸ್ಥಿಮಿತಕ್ಕ ಬರಲೇ ಇಲ್ರಿ. ಲಕ್ವಾ ಹೊಡದವರು ಹಂಗ ಮಾಡ್ತಾರಂತ ನೀವು ಹೇಳಿದ್ರೆಲ್ಲ... ಮತ್ತ ಎಲ್ಲಿ ಬಿಸಾಕ್ತಾರೋ ಅಂತ ಉಣ್ಣೋ ಹೊತ್ತಿಗೆ ಅಷ್ಟ ಲಿಂಗ ಕಟ್ಟಿ, ಆಮ್ಯಾಲ ಬಿಚ್ಚಿ ದೇವರ ಜಗಲಿ ಮ್ಯಾಲ ಇಡ್ತಿದ್ವಿ. ಕೈ ಮಾತ್ರ ಸಾಯೋತನಕ ಎದಿ ಮ್ಯಾಲ ಹುಡುಕ್ಯಾಡ್ತಾನ ಇತ್ತು ನೋಡ್ರಿ."

ಇಷ್ಟು ಹೇಳಿ ನೀವು ನಕ್ಕಿರಿ. ಮಗಳನ್ನು ನೋಡಿಕೊಳ್ಳಲು ಹೇಳಿದಿರಿ. ನಾನು ಆಗಲಿ ಎಂದೆ — ಅಷ್ಟೇ ಎಂದೆ.

ಸುಳ್ಳು ಒಂದು ಮಾತಿನದು, ಆಸ್ಪತ್ರೆಯಲ್ಲೇ ಮುಗಿಯಿತು ಎಂದು ಇಷ್ಟು ವರ್ಷ ನನ್ನನ್ನು ನಂಬಿಸಿಕೊಂಡಿದ್ದೆ. ಅದು ನಿಮ್ಮ ಜೊತೆ ಬಸ್ಸು ಹತ್ತಿ ಧರೂರಿಗೆ ಬಂದು, ನಿಮ್ಮ ಮನೆಯಲ್ಲಿ ದಿನಾಲೂ ನಿಮ್ಮ ಅತ್ತೆಯ ಕೊರಳು ಬರಿದು ಮಾಡುತ್ತಿತ್ತು ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ನಾನು ಹೋಗಲೂ ಇಲ್ಲ. ಎಲ್ಲದರಲ್ಲೂ ಮೂಗು ತೂರಿಸುವ ನಾನು ಅದೊಂದನ್ನು ಮಾತ್ರ ವಿಚಾರಿಸಲಿಲ್ಲ, ನೋಡಿ.

ಹೌದು, ಮೂಗು ತೂರಿಸುವುದು ನನ್ನ ಹುಟ್ಟುಗುಣ. ಮಕ್ತಲ್‌ನಲ್ಲಿ ನಮ್ಮದು ಅರ್ಚಕರ ಮನೆ. ಪಕ್ಕದ ಮನೆಯ ಗೆಳತಿ ಶಾಂತಾಳದು ಲಿಂಗಾಯತರ ಮನೆ. ಶಾಂತಾಳ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಎಡ ಅಂಗೈಯಲ್ಲಿ ಏನನ್ನೋ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರು. ನಮ್ಮ ಮನೆಯ ದೇವರು ಎಲ್ಲರಿಗೂ ಕಾಣುವಂತೆ ಮಂಟಪದಲ್ಲಿ ಕೂತಿರುವಾಗ ಇವರ ದೇವರಿಗೆ ಅಷ್ಟು ಗುಟ್ಟು ಏಕೆ? ನಾನು ಇಣುಕಿದರೆ ಅಜ್ಜಿ ಗೋಡೆಯ ಕಡೆಗೆ ತಿರುಗುತ್ತಿದ್ದರು. "ಇದು ತೋರ್ಸೋದಲ್ಲವ್ವಾ, ಇದು ನನ್ನ ಪ್ರಾಣ ಐತಿ" ಎಂದಿದ್ದರು ಒಮ್ಮೆ. ಅದು ಮೈಮೇಲೆ ಇಲ್ಲದೆ ಅವರು ಹನಿ ನೀರೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ನೀಲಮ್ಮಕ್ಕ, ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಗೊತ್ತಿತ್ತು.

ನರ್ಸಿಂಗ್‌ಗೆ ಸೇರಿದ್ದೂ ಇದೇ ಗುಣದಿಂದ. ಮೈ ಒರೆಸುವಾಗ ಕಣ್ಣನ್ನು ಮೂಗಿನ ಕಡೆಯಿಂದಲೇ ಏಕೆ ಹೊರಗೆ ಒರೆಸಬೇಕು, ಮಲಗಿದವರನ್ನು ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಚರ್ಮ ಏಕೆ ಒಡೆಯುತ್ತದೆ — ಪ್ರಶ್ನೆ ಕೇಳಿ ಕೇಳಿ ಪಾಠ ಮಾಡುವವರ ತಲೆ ತಿನ್ನುತ್ತಿದ್ದೆ. ಉತ್ತರ ಸಿಕ್ಕಾಗ ಒಂದು ಬೀಗ ತೆರೆದಷ್ಟು ಖುಷಿಯಾಗುತ್ತಿತ್ತು. ರೋಗಿ ಎಂದರೆ ನನಗೆ ಆಗ ಬರೀ ಬೀಗಗಳೇ.

ಮೊದಲ ವರ್ಷ ಹೆಂಗಸರ ವಾರ್ಡಿಗೆ ಹಾಕಿದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಗೌರಮ್ಮನವರು, ನಿಮ್ಮ ಅತ್ತೆ. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು. ಎಡಗೈ ಆಡುತ್ತಿತ್ತು. ಚಮಚದಲ್ಲಿ ಕೊಟ್ಟರೆ ಗಂಜಿ ನುಂಗುತ್ತಿದ್ದರು, ನೀವು ಕೊಡುತ್ತಿದ್ದಿರಿ. ಆ ದಿನ ನೀವು ಮಕ್ಕಳನ್ನು ನೋಡಿಬರಲು ಊರಿಗೆ ಹೋಗಿದ್ದಿರಿ. ಅವರಿಗೆ ಸ್ನಾನ ಮಾಡಿಸುವ ಕೆಲಸ ನನ್ನದಾಯಿತು.

ಪರದೆ ಎಳೆದೆ. ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿದೆ. ತೊಳೆಯುವಷ್ಟು ಭಾಗ ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿಯೇ ಇಟ್ಟೆ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಬರುತ್ತಿತ್ತು. ಒಂದು ಮಾತ್ರ ಬಿಟ್ಟೆ — ಏನು ಮಾಡಲು ಹೊರಟಿದ್ದೇನೆ ಎಂದು ರೋಗಿಗೆ ಹೇಳಬೇಕು, ಒಪ್ಪಿಗೆ ಕೇಳಬೇಕು ಎಂದು ನಮಗೆ ಕಲಿಸಿದ್ದರು. ಮಾತೇ ಬಾರದವರಿಗೆ ಏನು ಕೇಳುವುದು ಎಂದುಕೊಂಡೆ.

ಕೊರಳು ಒರೆಸುವಾಗ ಶಿವದಾರ ಒದ್ದೆಯಾಯಿತು. ಒಣಗಿಸಿ ಕಟ್ಟಿದರಾಯಿತು ಎಂದು ತಲೆ ಎತ್ತಿ ಹಿಡಿದು, ಕೊರಳ ಹಿಂದಿನ ಗಂಟು ಬಿಚ್ಚಿದೆ. ಒಣಗಿಸಲು ಎಂಬುದು ಕೈಗೆ ನಾನು ಹೇಳಿದ ನೆಪ. ಕೈಗೆ ಬೇಕಾಗಿದ್ದುದು ಕರಡಿಗೆಯ ಮುಚ್ಚಳ. ತೆರೆದೆ. ಒಳಗೆ ಬಿಳಿ ಬಟ್ಟೆಯ ಚೂರು, ವಿಭೂತಿಯ ವಾಸನೆ, ನಡುವೆ ಕಪ್ಪಗೆ, ನುಣ್ಣಗೆ... ಅಷ್ಟೇ. ಮಕ್ತಲ್‌ನಿಂದ ಹೊತ್ತು ತಂದ ಆಸೆ ಅಷ್ಟರಲ್ಲಿ ಮುಗಿಯಿತು. ನನ್ನದಲ್ಲದ್ದನ್ನು ನೋಡಿದರೆ ಏನೂ ಕಾಣುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇನಾ ಎಂದು.

ತಲೆ ಎತ್ತಿದರೆ ಗೌರಮ್ಮನವರು ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಹೊರಗಿನಿಂದ ಸಿಸ್ಟರ್ ಕೂಗಿದರು, ಹೊಸ ರೋಗಿ ಬಂದಿದ್ದರು. ಮುಚ್ಚಳ ಹಾಕಿ, ಕರಡಿಗೆಯನ್ನು ಏಪ್ರನ್ ಜೇಬಿಗೆ ಇಳಿಬಿಟ್ಟು, ಹೊದಿಕೆ ಎಳೆದು ಓಡಿದೆ. ಆಮೇಲೆ ಮರೆತೆ. ಮಧ್ಯಾಹ್ನ ಹಾಸ್ಟೆಲ್‌ನಲ್ಲಿ ಏಪ್ರನ್ ಕಳಚುವಾಗ ಮಂಚದ ಕಾಲಿಗೆ ಬಡಿದು ಸದ್ದಾಯಿತು. ಆಸ್ಪತ್ರೆ ದೂರವಿರಲಿಲ್ಲ, ನಡೆದೇ ಹೋಗಬಹುದಿತ್ತು. ಹೋದರೆ ಏಕೆ ಬಿಚ್ಚಿದೆ ಎನ್ನುತ್ತಾರೆ, ಬೆಳ್ಳಿ ಕಂಡು ಕದ್ದಳು ಎನ್ನುತ್ತಾರೆ, ಶಾಲೆಯಿಂದ ತೆಗೆಯುತ್ತಾರೆ — ಹೀಗೆಲ್ಲ ಯೋಚಿಸುತ್ತ ಕೂತೆ. ಬೆಳಿಗ್ಗೆ ಯಾರಿಗೂ ಕಾಣದಂತೆ ಕಟ್ಟಿಬಿಡುತ್ತೇನೆ ಎಂದುಕೊಂಡೆ. ಅಲ್ಲಿಯವರೆಗೆ ಅವರು ಉಣ್ಣುವುದಿಲ್ಲ ಎಂಬುದು ನೆನಪಾಯಿತು. ನೆನಪಾದ ಮೇಲೂ ಏಳಲಿಲ್ಲ.

ಬೆಳಿಗ್ಗೆ ಹೋದಾಗ ಅವರ ಹಾಸಿಗೆಯ ಸುತ್ತ ಜನ. ಹಿಂದಿನ ದಿನದಿಂದ ಬಾಯಿ ಬಿಗಿಹಿಡಿದಿದ್ದಾರೆ, ನೀರೂ ಕುಡಿಯುತ್ತಿಲ್ಲ. ಎಡಗೈ ಎದೆಯನ್ನು ತಡಕುತ್ತಿತ್ತು. ಎದೆನೋವಿರಬೇಕೆಂದು ಇಸಿಜಿ ಮಾಡಿದರು, ಏನೂ ಇರಲಿಲ್ಲ. ನುಂಗುವ ಶಕ್ತಿ ಹೋಗಿರಬೇಕೆಂದು ಡಾಕ್ಟರು ಮೂಗಿನಿಂದ ನಳಿಗೆ ಹಾಕಿಸಿದರು. ಎಡಗೈ ಎಲ್ಲರನ್ನೂ ತಳ್ಳುತ್ತಿತ್ತು, ಮತ್ತೆ ಎದೆಗೆ ಹೋಗುತ್ತಿತ್ತು. ಆ ಕೈ ಏನು ಹುಡುಕುತ್ತಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

"ಚೆಯ್ಯಿ ಕಟ್ಟಮ್ಮಾ, ಟ್ಯೂಬು ಪೀಕೇಸ್ತುಂದಿ" ಎಂದರು ಸಿಸ್ಟರ್ ತೆಲುಗಿನಲ್ಲಿ. ಕೈ ಕಟ್ಟು, ಇಲ್ಲದಿದ್ದರೆ ನಳಿಗೆ ಕಿತ್ತುಹಾಕುತ್ತಾಳೆ.

ಕಟ್ಟಿದೆ. ಮಣಿಕಟ್ಟಿಗೆ ಹತ್ತಿ ಸುತ್ತಿ, ಬೆರಳು ತೂರುವಷ್ಟು ಸಡಿಲ ಬಿಟ್ಟು, ಬ್ಯಾಂಡೇಜಿನ ತುದಿಯನ್ನು ಮಂಚಕ್ಕೆ ಗಂಟು ಹಾಕಿದೆ. ಬಾಗಿದಾಗ ಜೇಬಿನಲ್ಲಿದ್ದ ಕರಡಿಗೆ ಮಂಚದ ಕಂಬಿಗೆ ತಾಗುತ್ತಿತ್ತು. ಆ ಕೈ ಹುಡುಕುತ್ತಿದ್ದುದು ನನ್ನ ಜೇಬಿನಲ್ಲಿತ್ತು, ನಾನು ಹುಡುಕುವ ಕೈಯನ್ನು ಕಟ್ಟುತ್ತಿದ್ದೆ. ಗಂಟು ಚೆನ್ನಾಗಿ ಹಾಕಿದ್ದೀಯ ಎಂದು ಸಿಸ್ಟರ್ ಹೊಗಳಿದರು. ಏಕೆ ಬಾಯಿ ತೆರೆಯಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎನ್ನುತ್ತೇನೆ, ಆದರೆ ಹೆದರಿಕೆ ಅಷ್ಟು ದೊಡ್ಡದೇನೂ ಇರಲಿಲ್ಲ. ಹೇಳದಿರುವುದು ಸುಲಭವಾಗಿತ್ತು, ಅಷ್ಟೇ.

ಜನ ಸರಿದ ಮೇಲೆ ಕರಡಿಗೆಯನ್ನು ದಿಂಬಿನ ಕೆಳಗೆ ತೂರಿಸಿದೆ. ಗೌರಮ್ಮನವರ ಕಣ್ಣು ನನ್ನ ಕೈಯ ಜೊತೆಗೇ ದಿಂಬಿನವರೆಗೂ ಬಂತು.

ಅದಾದ ಸ್ವಲ್ಪ ಹೊತ್ತಿಗೇ ನೀವು ಬಂದಿರಿ. ಬರಿಗೊರಳು ಕಂಡು ವಾರ್ಡೆಲ್ಲ ಕೇಳುವಂತೆ ಕೂಗಿದಿರಿ. ನಾನು ಹುಡುಕುವ ನಾಟಕ ಆಡಿ, ದಿಂಬು ಎತ್ತಿದೆ. "ಇಲ್ಲೇ ಅದ ನೋಡ್ರಿ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಮ್ಮ ಮುಖದಲ್ಲಿ ಪ್ರಶ್ನೆ ಏಳುವುದನ್ನು ಕಂಡು, ಅದು ಬಾಯಿಗೆ ಬರುವ ಮೊದಲೇ ಉತ್ತರ ಕೊಟ್ಟೆ: "ಅವರೇ ತಗದು ಇಟ್ಕೊಂಡಾರ. ಲಕ್ವಾ ಹೊಡದವರು ಹೀಂಗ ಮಾಡ್ತಾರ."

"ನಮ್ಮತ್ತಿ? ಲಿಂಗಾನ? ತಮ್ಮ ಕೈಲೆ?" ಎಂದಿರಿ ನೀವು. ನಾನು ತಲೆಯಾಡಿಸಿದೆ.

ದಾರದ ಗಂಟು ಬಿಚ್ಚಿತ್ತು, ನೀಲಮ್ಮಕ್ಕ. ಒಂದು ಕೈ ಬಿದ್ದುಹೋದ ಹೆಂಗಸು ಕೊರಳ ಹಿಂದಿನ ಗಂಟನ್ನು ಹೇಗೆ ಬಿಚ್ಚಿಕೊಂಡಾರು? ನೀವು ಕೇಳುತ್ತೀರಿ ಎಂದು ಕಾದೆ. ಡಾಕ್ಟರು ಕೇಳಲಿಲ್ಲ, ಸಿಸ್ಟರ್ ಕೇಳಲಿಲ್ಲ. ಯೂನಿಫಾರ್ಮ್ ಹಾಕಿದವಳು ಹೇಳಿದ್ದಾಳೆಂದು ನೀವೂ ನಂಬಿದಿರಿ. ಕೈ ತೊಳೆದು ಬಂದು ಲಿಂಗ ಕಟ್ಟಿದಿರಿ, ನಾನು ಅವರ ಕೈ ಬಿಚ್ಚಿದೆ. ನೀವು ನೀರು ಹಿಡಿದ ಕೂಡಲೇ ಅವರು ಬಾಯಿ ತೆರೆದರು. ನಳಿಗೆ ತೆಗೆದರು. ಅಂದಿನಿಂದ ಬಿಳಿ ಬಟ್ಟೆಯವರು ಯಾರೇ ಹತ್ತಿರ ಬಂದರೂ ಅವರ ಎಡಗೈ ಕರಡಿಗೆಯನ್ನು ಮುಚ್ಚಿಕೊಳ್ಳುತ್ತಿತ್ತು. ಅದನ್ನೂ ಎಲ್ಲರೂ ಬುದ್ಧಿಭ್ರಮಣೆಯ ಲೆಕ್ಕಕ್ಕೇ ಹಾಕಿದರು.

ಈಗ ನಾನೇ ಪಾಠ ಹೇಳುವವಳು. ಹೋದ ವಾರ ಸ್ನಾನ ಮಾಡಿಸುವ ಪಾಠದಲ್ಲಿ, ಮಾತು ಬಾರದ ರೋಗಿಯನ್ನೂ ಕೇಳಿಯೇ ಮುಟ್ಟಬೇಕು ಎಂದೆ. ಪ್ರತಿವರ್ಷವೂ ಹೇಳುತ್ತೇನೆ, ಯಾವ ಬಾಯಿಂದ ಹೇಳುತ್ತೇನೋ. ಹಿಂದಿನ ಬೆಂಚಿನಿಂದ ನಿಮ್ಮ ಪವಿತ್ರಾ ಎದ್ದು ನಿಂತಳು. "ಮೇಡಂ, ಮಾತಾಡಾಕ ಬರಲಾರದವ್ರು ಬ್ಯಾಡ ಅಂತ ಹೆಂಗ ಹೇಳ್ತಾರ್ರಿ?" ಎಂದಳು. ನನ್ನಂಥದೇ ಹುಡುಗಿ, ಉತ್ತರ ಸಿಗದೆ ಕೂರುವುದಿಲ್ಲ. ಪುಸ್ತಕದ ಉತ್ತರ ಕೊಟ್ಟೆ. ನಿಜವಾದ ಉತ್ತರ ನನ್ನ ಹತ್ತಿರ ಇದೆ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲಿಯವರೆಗೆ ಬರೆದದ್ದರಲ್ಲೂ ಬಚ್ಚಿಟ್ಟುಕೊಂಡೇ ಬಂದಿದ್ದೇನೆ.

ಅವರನ್ನು ಮನೆಗೆ ಕಳಿಸುವ ದಿನ ನೀವು ಔಷಧಿ ತರಲು ಹೋಗಿದ್ದಿರಿ. ನನಗೆ ತಡೆಯಲಾಗಲಿಲ್ಲ — ಆ ಹಾಳು ಕುತೂಹಲ. ಅವರ ಎಡಗೈ ಹಿಡಿದು, ನಮಗೆ ಕಲಿಸಿದ ರೀತಿಯಲ್ಲೇ ಕೇಳಿದೆ. "ಅಜ್ಜಿ, ನನ್ನ ಮಾತು ತಿಳೀಲಿಕತ್ತದೇನು? ತಿಳಿದ್ರ ಕೈ ಒತ್ರಿ." ಒತ್ತಿದರು. "ಅವತ್ತು ಗಂಟು ಬಿಚ್ಚಿದ್ದು ನಾನಂತ ಗೊತ್ತದೇನು?" ಒತ್ತಿದರು. ಒತ್ತಿ, ಬಿಡಲಿಲ್ಲ. ಬಾಗಿಲ ಕಡೆ ನೋಡಿದರು, ನೀವು ಹೋದ ಕಡೆ; ಮತ್ತೆ ನನ್ನನ್ನು ನೋಡಿದರು. ಏನು ಹೇಳುತ್ತಿದ್ದಾರೆಂದು ನನಗೆ ಸ್ಪಷ್ಟವಾಗಿ ತಿಳಿಯಿತು. ನೀವು ಬರುತ್ತಿರುವ ಸದ್ದು ಕೇಳಿ ಕೈ ಬಿಡಿಸಿಕೊಂಡೆ.

ಭಾನುವಾರ ಧರೂರಿನ ಬಸ್ಸು ಹತ್ತುತ್ತೇನೆ. ಕ್ಷಮೆ ಕೇಳಲು ಅಲ್ಲ, ಕೊಡಬೇಕಾದವರು ಈಗಿಲ್ಲ. ಮನೆಯವರೆಲ್ಲ ಇರಲಿ, ಪವಿತ್ರಾಳೂ ಇರಲಿ. ಒಳಗೆ ಕರೆಯದಿದ್ದರೆ ಹೊಸ್ತಿಲ ಹೊರಗೆ ನಿಂತೇ, ಇಲ್ಲಿ ಬರೆದದ್ದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಅತ್ತೆಯ ಬುದ್ಧಿ ಕೊನೆಯವರೆಗೂ ನೆಟ್ಟಗಿತ್ತು, ನೀಲಮ್ಮಕ್ಕ. ನಿಮಗೆ ಹೇಳು ಎಂದು ಅವರು ನನಗೆ ಹೇಳಿದ್ದರು.